ಬರೀ ಒಂದು ಸೈನ್ ಅಲ್ದಾ?

ಮಾರ್ಚ್ ತಿಂಗಳಲ್ಲಿ ಶಿರಸಿಯ ನನ್ನ ಆಫೀಸಿಗೆ ಎರಡು ಥರದ ಜನ ಬರ್ತಾರೆ. ತೆರಿಗೆ ಕಾಗದಪತ್ರ ಹಿಡ್ಕೊಂಡು ಬರೋರು ಒಂದು ಥರ. ಸಹಕಾರಿ ಸೊಸೈಟಿಯ ಸಾಲ ವಸೂಲಿ ನೋಟಿಸನ್ನ ನಾಲ್ಕು ಮಡಿಕೆ ಮಾಡಿ ಅಂಗಿ ಕಿಸೆಯಲ್ಲಿ ಇಟ್ಕೊಂಡು, ಬೇರೆಯವರೆಲ್ಲ ಎದ್ದು ಹೋಗ್ಲಿ ಅಂತ ಮೂಲೆಯಲ್ಲಿ ಕಾಯ್ತಾ ಕೂರೋರು ಇನ್ನೊಂದು ಥರ. ಈ ಎರಡನೆಯವರ ಮೇಲೆ ನಂಗೆ ಪ್ರೀತಿನೂ ಜಾಸ್ತಿ, ಸಿಟ್ಟೂ ಜಾಸ್ತಿ. ಯಾಕಂದ್ರೆ ಇವರು ಯಾರೂ ದುಡ್ಡು ಹಾಳು ಮಾಡೋರಲ್ಲ. ಬಚ್ಚಲೊಲೆಗೆ ಅಡಿಕೆ ಸಿಪ್ಪೆ, ಗ್ಯಾಸ್ ಸಿಲಿಂಡರ್ ಎರಡು ತಿಂಗಳಿಗೂ ಮೇಲೆ ಬರ್ತದೆ, ತರಕಾರಿ ಖರ್ಚೆಷ್ಟು ಅಂತ ಕೇಳಿದ್ರೆ ನಗ್ತಾರೆ, ಹಿತ್ತಲಲ್ಲಿ ಒಂದೆಲಗ ಇದೆ ಮನೆಯಲ್ಲಿ ಮಜ್ಜಿಗೆ ಇದೆ ತಂಬುಳಿ ಆಯ್ತಲ್ಲ ಇನ್ನೆಂತ ಬೇಕು ಅಂತಾರೆ. ಮಗಳ ಹೆಸರಲ್ಲಿ ಸುಕನ್ಯಾ ಸಮೃದ್ಧಿ, ಅಂಚೆ ಕಚೇರಿಲಿ ಆರ್‌ಡಿ, ಸೊಸೈಟಿಲಿ ಠೇವು. ಉಳಿತಾಯ ಹೇಗೆ ಮಾಡೋದು ಅಂತ ಇವರಿಗೆ ನಾನು ಹೇಳಿಕೊಡೋದು ಎಂತದೂ ಇಲ್ಲ, ಅವರಿಂದ ನಾನೇ ಕಲೀಬೇಕು.

ಹಾಗಾದ್ರೆ ನೋಟಿಸ್ ಯಾಕೆ ಬಂತು? ಭಾವನ ಸಾಲಕ್ಕೆ ಜಾಮೀನು ಹಾಕಿದ್ದಕ್ಕೆ. ಇಲ್ಲಾ ಷಡ್ಡಕನ ಸಾಲಕ್ಕೆ, ಚಿಕ್ಕಪ್ಪನ ಮಗನ ಸಾಲಕ್ಕೆ, ಹೆಂಡ್ತಿ ತವರಿನವರ ಸಾಲಕ್ಕೆ. ಕಥೆ ಅದೇ, ಸಂಬಂಧ ಮಾತ್ರ ಬೇರೆ.

ಇದು ಹಿಡಿತದಿಂದ ಬದುಕೋರಿಗೇ ಯಾಕೆ ಜಾಸ್ತಿ ಆಗ್ತದೆ ಅನ್ನೋದು ನೋಡಿ. ಸಾಲ ಕೊಡೋರು ಜಾಮೀನಿಗೆ ಯಾರನ್ನ ಕೇಳ್ತಾರೆ? ಕಟಬಾಕಿ ಇಲ್ಲದವರನ್ನ, ಠೇವು ಇರೋರನ್ನ, ಸಂಬಳ ಬರೋರನ್ನ. ನೆಂಟರಲ್ಲಿ ಅಂಥವರು ಎಷ್ಟು ಜನ ಇರ್ತಾರೆ, ಒಬ್ಬರೋ ಇಬ್ಬರೋ. ಹತ್ತಿಪ್ಪತ್ತು ವರ್ಷ ಚಾ ಪುಡಿಯಿಂದ ಹಿಡಿದು ಚಪ್ಪಲಿವರೆಗೆ ಲೆಕ್ಕ ಹಾಕಿ ಸಂಪಾದಿಸಿದ ಒಳ್ಳೆ ಹೆಸರೇ ಇವರನ್ನ ಸಿಕ್ಕಿಸಿ ಹಾಕೋದು. ಊಟ ಆದ ಮೇಲೆ ಎಲೆ ಅಡಿಕೆ ಹಾಕ್ತಾ ಕೂತಾಗ ಮೆಲ್ಲಗೆ ಮಾತು ಬರ್ತದೆ: "ಭಾವಾ, ಬರೀ ಒಂದು ಸೈನ್ ಅಲ್ದಾ, ನಿಂಗೆ ಎಂತೂ ಆಗ್ತಿಲ್ಲೆ." ಕೈಯಿಂದ ದುಡ್ಡು ಕೊಡು ಅಂತ ಕೇಳಿದ್ರೆ ಇದೇ ಮನುಷ್ಯ ನೂರು ಸಲ ಯೋಚನೆ ಮಾಡ್ತಿದ್ದ, ಮನೆಯಲ್ಲಿ ಹೆಂಡ್ತಿ ಹತ್ರ ಮಾತಾಡ್ತಿದ್ದ, ಇಪ್ಪತ್ತು ಸಾವಿರ ಕೇಳಿದ್ರೆ ಹತ್ತು ಕೊಡ್ತಿದ್ದ. ಸೈನ್‌ಗೆ ಮಾತ್ರ ಚೌಕಾಸಿ ಇಲ್ಲ. ಐದು ಲಕ್ಷದ ಕಾಗದಕ್ಕೆ ಎರಡು ನಿಮಿಷ.

ಈಗ ನಾನು ಎಷ್ಟು ಸಲ ಹೇಳಿದ್ರೂ ಜನರ ತಲೆಗೆ ಹೋಗದ ವಿಷಯಕ್ಕೆ ಬರ್ತೇನೆ. ನೋಟಿಸ್ ತಂದವರೆಲ್ಲ ಕೇಳೋದು ಒಂದೇ ಪ್ರಶ್ನೆ: "ಸಾಲ ತಗೊಂಡವನು ಅವನು, ಮೊದಲು ಅವನ ಹತ್ರ ವಸೂಲಿ ಮಾಡಿ, ಆಗದೇ ಇದ್ರೆ ತಾನೇ ನನ್ನ ಹತ್ರ ಬರೋದು?"

ಅಲ್ಲ. ನೀವು ಸಾಲಿನಲ್ಲಿ ಹಿಂದೆ ನಿಂತಿಲ್ಲ, ಅವನ ಪಕ್ಕದಲ್ಲೇ ನಿಂತಿದ್ದೀರಿ. 1872ರ ಕರಾರು ಕಾಯ್ದೆಯ 128ನೇ ಕಲಂ ಹೇಳೋದು ಇಷ್ಟೇ: ಕರಾರಿನಲ್ಲಿ ಬೇರೆ ಥರ ಬರೆದಿಲ್ಲ ಅಂದ್ರೆ ಸಾಲಗಾರನ ಹೊಣೆ ಎಷ್ಟೋ ಜಾಮೀನುದಾರನ ಹೊಣೆಯೂ ಅಷ್ಟೇ. ಅಸಲು, ಬಡ್ಡಿ, ಸುಸ್ತಿ ಬಡ್ಡಿ, ಖರ್ಚು ಎಲ್ಲ ಸೇರಿ. ಸಾಲ ಕೊಟ್ಟವರು ಮೊದಲು ಸಾಲಗಾರನನ್ನ ಪೂರ್ತಿ ಹಿಂಡಿ ಆಮೇಲೆ ನಿಮ್ಮ ಮನೆಗೆ ಬರಬೇಕು ಅನ್ನೋ ನಿಯಮ ಇಲ್ಲ, ಸುಪ್ರೀಂ ಕೋರ್ಟು ಇದನ್ನ 1960ರ ದಶಕದಲ್ಲೇ ಸ್ಪಷ್ಟ ಮಾಡಿ ಆಗಿದೆ. ಆ ಕೇಸಲ್ಲಿ ವಾದ ಇದ್ದದ್ದೂ ಇದೇ, ಸಾಲಗಾರನ ಹತ್ರ ಪ್ರಯತ್ನ ಪೂರ್ತಿ ಮುಗೀಲಿ ಅಂತ. ಕೋರ್ಟ್ ಒಪ್ಪಲಿಲ್ಲ. ಹಾಗೆ ಕಾಯಬೇಕು ಅಂದ್ರೆ ಜಾಮೀನು ತಗೊಳ್ಳೋದಕ್ಕೆ ಅರ್ಥವೇ ಇಲ್ಲವಲ್ಲ. ಸೊಸೈಟಿ ಕಡೆಯಿಂದ ಯೋಚನೆ ಮಾಡಿ ನೋಡಿ, ಯಾರ ಹತ್ರ ಸುಲಭಕ್ಕೆ ದುಡ್ಡು ಬರ್ತದೋ ಅಲ್ಲಿಗೆ ಹೋಗ್ತಾರೆ. ಸುಲಭಕ್ಕೆ ಬರೋದು ಯಾರ ಹತ್ರ, ಫೋನ್ ಸ್ವಿಚ್ ಆಫ್ ಮಾಡಿ ಹುಬ್ಬಳ್ಳಿಲಿ ಕೂತ ಭಾವನ ಹತ್ರವೋ, ತಿಂಗಳ ಮೊದಲ ವಾರ ಸಂಬಳ ಬರೋ ನಿಮ್ಮ ಹತ್ರವೋ?

"ನಾವು ಮೂರು ಜನ ಜಾಮೀನುದಾರರು, ನಂದು ಮೂರನೇ ಒಂದು ಪಾಲು" ಅಂತ ಇನ್ನು ಕೆಲವರು. ಅದೂ ಅಲ್ಲ. ನಿಮ್ಮ ನಿಮ್ಮಲ್ಲಿ ಸಮಪಾಲು ಹೌದು, ಅದಕ್ಕೆ ಅದೇ ಕಾಯ್ದೆಯ 146ನೇ ಕಲಂ ಇದೆ. ಆದ್ರೆ ಮಾಮೂಲಿ ಜಾಮೀನು ಪತ್ರದಲ್ಲಿ ಒಟ್ಟಾಗಿಯೂ ಪ್ರತ್ಯೇಕವಾಗಿಯೂ ಅಂತ ಬರೆದಿರ್ತಾರೆ. ಅಂದ್ರೆ ಸೊಸೈಟಿ ಪೂರ್ತಿ ಮೊತ್ತ ಒಬ್ಬರ ಹತ್ರವೇ ಕೇಳಬಹುದು, ಉಳಿದ ಇಬ್ಬರ ಬೆನ್ನು ಹತ್ತೋದು ಆಮೇಲೆ ನಿಮ್ಮ ಕೆಲಸ. "ಗಾಡಿ ಅಡವು ಇದೆಯಲ್ಲ, ಅದನ್ನ ಮಾರ್ಲಿ" ಅಂದ್ರೂ ಅಷ್ಟೇ, ಸಾಧಾರಣವಾಗಿ ಮೊದಲು ಅದನ್ನ ಮಾರಲೇಬೇಕು ಅಂತ ಇಲ್ಲ. ಪ್ರತಿ ಕರಾರು ಬೇರೆ, ನಿಮ್ಮದನ್ನ ವಕೀಲರಿಗೆ ತೋರಿಸಿ, ನಾನು ಲೆಕ್ಕದವನು.

ಒಬ್ಬರು ಮೇಷ್ಟ್ರ ಕಥೆ ಹೇಳ್ತೇನೆ, ಗುರುತು ಸಿಗಬಾರದು ಅಂತ ವಿವರ ಸ್ವಲ್ಪ ಬದಲಿಸಿದ್ದೇನೆ. ಹಳೇ ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ ಮನೆ ಲೆಕ್ಕ ಬರೆಯೋ ಮನುಷ್ಯ. ಗಂಡ ಹೆಂಡ್ತಿ ಸೇರಿ ತಿಂಗಳಿಗೆ ಎರಡು ಸಾವಿರ ಹೆಚ್ಚು ಉಳಿಸೋದು ಹೇಗೆ ಅಂತ ನನ್ನ ಎದುರು ಅರ್ಧ ಗಂಟೆ ಚರ್ಚೆ ಮಾಡಿದ್ದಾರೆ, ಪೇಪರ್ ನಿಲ್ಲಿಸೋದೋ, ಡಿಶ್ ರಿಚಾರ್ಜ್ ನಿಲ್ಲಿಸೋದೋ ಅಂತ. ತಿಂಗಳಿಗೆ ಎರಡು ಸಾವಿರ ಅಂದ್ರೆ ವರ್ಷಕ್ಕೆ 24,000, ಹತ್ತು ವರ್ಷಕ್ಕೆ ಬಡ್ಡಿ ಬಿಟ್ಟು 2.4 ಲಕ್ಷ. ಮಗಳ ಇಂಜಿನಿಯರಿಂಗಿಗೆ ಅಂತ ಆ ದುಡ್ಡು. ಅದೇ ಹೊತ್ತಿಗೆ ಹೆಂಡ್ತಿಯ ತಮ್ಮ ಪಿಕಪ್ ಗಾಡಿ ತಗೊಳ್ಳೋಕೆ ಹೊರಟ, ಆರು ಲಕ್ಷ ಸಾಲ, ಇವರು ಜಾಮೀನು. ಆ ವಿಷಯ ನನ್ನ ಹತ್ರ ಬಾಯಿಬಿಡಲೇ ಇಲ್ಲ, ಯಾಕೆ ಅಂದ್ರೆ "ಅದು ಖರ್ಚಲ್ಲವಲ್ಲ" ಅಂತ! ಮೂರನೇ ವರ್ಷ ಕಂತು ನಿಂತಿತು. ಮಗಳಿಗೆ ಅಂತ ಮೇಷ್ಟ್ರು ತಮ್ಮ ಹೆಸರಲ್ಲಿ ಇಟ್ಟ ಠೇವು ಇದ್ದದ್ದೂ ಸಾಲ ಕೊಟ್ಟ ಅದೇ ಸೊಸೈಟಿಲಿ. ಸದಸ್ಯರ ಬಾಕಿಗೆ ಅವರದ್ದೇ ಶೇರು, ಠೇವನ್ನ ಜಮಾ ಮಾಡಿಕೊಳ್ಳೋ ಅಧಿಕಾರ ಸಹಕಾರಿ ಸಂಘಗಳಿಗೆ ಇರ್ತದೆ, ಎಷ್ಟರ ಮಟ್ಟಿಗೆ ಅನ್ನೋದು ಬೈಲಾ (ಸಂಘದ ಒಳ ನಿಯಮ) ಮತ್ತು ನೀವು ಸೈನ್ ಮಾಡಿದ ಕಾಗದದ ಮೇಲೆ. ಮೇಷ್ಟ್ರ ಕಾಗದದಲ್ಲಿ ಆ ಸಾಲು ಇತ್ತು. ಓದಿರಲಿಲ್ಲ. ನಲವತ್ತು ಮಕ್ಕಳಿಗೆ ಓದಿ ಉತ್ತರ ಬರೀರಿ ಅಂತ ದಿನಾ ಹೇಳೋ ಮನುಷ್ಯ ಮಾರಾಯ್ರೆ.

ಅದಕ್ಕೇ ಹೇಳೋದು, ಠೇವು ಇಟ್ಟಲ್ಲೇ ಜಾಮೀನು ಹಾಕ್ಬೇಡಿ. ಇನ್ನೊಂದು ವಿಷಯ, ಪಿಪಿಎಫ್ ಖಾತೆಯ ಹಣವನ್ನ ಸಾಲದ ಬಾಕಿಗೆ ಕೋರ್ಟು ಜಪ್ತಿ ಮಾಡೋ ಹಾಗಿಲ್ಲ, ನಿಯಮದಲ್ಲೇ ಆ ರಕ್ಷಣೆ ಇದೆ. ಸಂಬಳಕ್ಕೆ ಅರ್ಧ ರಕ್ಷಣೆ: ಸಿವಿಲ್ ಕೋರ್ಟ್ ಡಿಕ್ರಿ, ಅಂದ್ರೆ ಬಾಕಿ ಕಟ್ಟಿ ಅನ್ನೋ ತೀರ್ಪು, ಆದ್ರೆ ಮೊದಲ 1,000 ರೂಪಾಯಿ ಮತ್ತು ಉಳಿದದ್ದರಲ್ಲಿ ಮೂರರಲ್ಲಿ ಎರಡು ಪಾಲು ಮುಟ್ಟೋ ಹಾಗಿಲ್ಲ, ಮಿಕ್ಕ ಒಂದು ಪಾಲಿಗೆ ಕೈ ಹಾಕಬಹುದು. ಸಹಕಾರಿ ಕಾಯ್ದೆಯಡಿ ಸಂಬಳದಿಂದ ಕಡಿತಕ್ಕೆ ನೀವೇ ಮೊದಲು ಒಪ್ಪಿಗೆ ಬರೆದುಕೊಟ್ಟಿದ್ರೆ ಲೆಕ್ಕ ಬೇರೆ. ನೌಕರರ ಸೊಸೈಟಿಗಳಲ್ಲಿ ಆ ಒಪ್ಪಿಗೆ ಪತ್ರ ಫಾರ್ಮಿನ ಜೊತೆಗೇ ಪಿನ್ ಹೊಡೆದಿರ್ತಾರೆ, ಜನ ಅದನ್ನೂ ನೋಡದೇ ಸೈನ್ ಮಾಡ್ತಾರೆ.

ನಮ್ಮ ಜಿಲ್ಲೆಯಲ್ಲಿ ಸಹಕಾರಿ ಸಂಘ ಅನ್ನೋದು ಮನೆ ವಿಷಯ ಇದ್ದಹಾಗೆ, ಶಿರಸಿಯ ತೋಟಗಾರ್ಸ್ ಸೇಲ್ ಸೊಸೈಟಿ 1923ರದ್ದು, ಅಜ್ಜನ ಕಾಲದಿಂದ ಒಬ್ಬರಿಗೊಬ್ಬರು ಜಾಮೀನು ಹಾಕ್ಕೊಂಡೇ ತೋಟ ಎಬ್ಬಿಸಿದ್ದು ಹೌದು. ನಾನು ಅದರ ವಿರುದ್ಧ ಮಾತಾಡ್ತಿಲ್ಲ. ಆದ್ರೆ ಇಲ್ಲಿ ಯಾರೂ ಗಮನಿಸದ ಒಂದು ಅಪಾಯ ಇದೆ. ಅಡಿಕೆ ಬೆಳೆಗಾರನಿಗೆ ಜಾಮೀನು ಹಾಕೋನು ಇನ್ನೊಬ್ಬ ಅಡಿಕೆ ಬೆಳೆಗಾರ. ಜುಲೈ ಆಗಸ್ಟಲ್ಲಿ ಮಳೆ ಬಿಡದೇ ಹೊಡೆದು, ಮದ್ದು ಹೊಡೆಯೋಕೆ ಬಿಸಿಲೇ ಸಿಗದೇ ಕೊಳೆ ರೋಗ ಬಂತು ಅಂದ್ರೆ ಭಾವನ ತೋಟಕ್ಕೆ ಮಾತ್ರ ಬರೋದಾ? ಎಲೆಚುಕ್ಕಿ ರೋಗ ಬೇಲಿ ನೋಡಿ ನಿಲ್ತದಾ? ಅವನ ಕಂತು ನಿಲ್ಲೋ ವರ್ಷವೇ ನಿಮ್ಮ ಫಸಲೂ ಅರ್ಧಕ್ಕೆ ಇಳಿದಿರ್ತದೆ. ಅವನ ಬಾಕಿ ನಿಮ್ಮ ಬಾಗಿಲಿಗೆ ಬರೋದು ನಿಮ್ಮ ಕೈ ಖಾಲಿ ಇರೋ ವರ್ಷ.

ಕಾರವಾರದಲ್ಲೂ ಇದೇ. ಅಲ್ಲಿನ ಬೈತಖೋಲ ಬಂದರಿನ ಬೋಟಿನವರೊಬ್ಬರು ವರ್ಷಕ್ಕೊಮ್ಮೆ ಲೆಕ್ಕಕ್ಕೆ ಬರ್ತಾರೆ, ಅಣ್ಣನ ಬೋಟ್ ಸಾಲಕ್ಕೆ ತಮ್ಮ, ತಮ್ಮನ ಎಂಜಿನ್ ಸಾಲಕ್ಕೆ ಅಣ್ಣ ಜಾಮೀನು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟಿಗೆ ನಿಷೇಧ, ಇಬ್ಬರದ್ದೂ ಆದಾಯ ಸೊನ್ನೆ, ಕಂತಿಗೆ ಮಾತ್ರ ರಜೆ ಇಲ್ಲ. ಸೀಸನ್ ಕೆಟ್ಟರೆ ಇಬ್ಬರದ್ದೂ ಒಟ್ಟಿಗೆ ಕೆಡ್ತದೆ. ಕಾಗದದ ಮೇಲೆ ಎರಡು ಸಾಲಕ್ಕೆ ಇಬ್ಬರು ಜಾಮೀನುದಾರರು ಅಂತ ಕಾಣೋದು ಅಷ್ಟೇ, ನಿಜದಲ್ಲಿ ಇರೋದು ಒಂದೇ ಸಮುದ್ರ. ಜಾಮೀನು ಹಾಕಲೇಬೇಕು ಅಂದ್ರೆ ನಿಮ್ಮ ಕಸುಬೇ ಅಲ್ಲದವನಿಗೆ ಹಾಕೋದು ಒಂದು ಲೆಕ್ಕಕ್ಕೆ ವಾಸಿ ಅಂತ ನಾನು ಹೇಳೋದು ಇದಕ್ಕೇ, ಜನರಿಗೆ ಇದು ತಲೆಕೆಳಗಾದ ಮಾತು ಅನ್ನಿಸ್ತದೆ.

ಬೇಡ ಅನ್ನೋದು ಸುಲಭ ಅಲ್ಲ, ಗೊತ್ತು. ನಾಳೆ ಅದೇ ಮನೆಯ ಉಪನಯನಕ್ಕೆ ಹೋಗಬೇಕು, ಆಯಿ ತಿಥಿಗೆ ಅವರು ಬರಬೇಕು. "ಇಷ್ಟೆಲ್ಲ ಇಟ್ಕೊಂಡು ಒಂದು ಸೈನ್ ಹಾಕಲಿಲ್ಲ" ಅನ್ನೋ ಮಾತು ಸಿದ್ದಾಪುರದಿಂದ ಹೊನ್ನಾವರದವರೆಗೆ ಘಟ್ಟ ಇಳೀತದೆ. ನಾನು ನನ್ನ ಕಕ್ಷಿದಾರರಿಗೆ ಹೇಳೋದು, ನನ್ನ ಮೇಲೆ ಹಾಕಿಬಿಡಿ: "ನಮ್ಮ ಲೆಕ್ಕದವರು ಬೇಡ ಅಂದ್ರು, ಅವರ ಹತ್ರ ಕೇಳದೇ ಸೈನ್ ಹಾಕೋ ಹಾಗಿಲ್ಲ" ಅಂತ. ಸುಮಾರು ಜನ ಹಾಗೇ ಹೇಳಿದ್ದಾರೆ, ಅದರ ಫಲ ಅಂದ್ರೆ ಮದುವೆ ಮನೆ ಪಂಕ್ತಿಯಲ್ಲಿ ನನ್ನ ಪಕ್ಕ ಕೂರೋ ಜನ ಕಮ್ಮಿ ಆಗಿದ್ದಾರೆ. ಪರವಾಗಿಲ್ಲ, ಹೋಳಿಗೆ ನನಗೂ ಬರ್ತದೆ.

ಬರೀ ಬೇಡ ಅಂದು ಕೈ ತೊಳ್ಕೊಳ್ಳಿ ಅಂತಲ್ಲ. ವರ್ಷದ ಲೆಕ್ಕದಲ್ಲಿ ನೆಂಟರದ್ದು ಅಂತ ಒಂದು ಬಾಬ್ತು ಮೊದಲೇ ತೆಗೆದಿಡಿ. ಮದುವೆ ಉಪನಯನದ ಉಡುಗೊರೆ, ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆಗೆ ಮನೆ ತುಂಬೋ ನೆಂಟರ ಊಟ ತಿಂಡಿ, ಮತ್ತೆ ಯಾರಿಗಾದ್ರೂ ಕಷ್ಟ ಬಂದ್ರೆ ಕೊಡೋದು, ಎಲ್ಲ ಅದರಲ್ಲೇ. ಆ ಬಾಬ್ತಿಂದ ಭಾವನಿಗೆ ಇಪ್ಪತ್ತೋ ಮೂವತ್ತೋ ಸಾವಿರ ಕೈಗೆ ಕೊಡಿ, ವಾಪಸ್ ಬಂದ್ರೆ ಬಂತು. ಸೈನ್‌ಗಿಂತ ಇದು ಸಾವಿರ ಪಾಲು ಅಗ್ಗ, ಮತ್ತೆ ಮುಖ ಕೊಟ್ಟು ಮಾತಾಡಬಹುದು. "ನಿನ್ನ ಹೆಸರಲ್ಲಿ ಬೆಳೆ ಸಾಲ ತೆಗೆದುಕೊಡು, ಶೂನ್ಯ ಬಡ್ಡಿ ಅಲ್ದಾ, ನಾನು ಕಟ್ತೆ" ಅನ್ನೋದಂತೂ ಜಾಮೀನಿಗಿಂತ ಕೆಟ್ಟದ್ದು. ಅಲ್ಲಿ ಸಾಲಗಾರ ನೀವೇ, ಅವಧಿಯೊಳಗೆ ಕಟ್ಟದಿದ್ರೆ ಆ ಶೂನ್ಯ ಬಡ್ಡಿನೂ ಇರೋದಿಲ್ಲ, ಮುಂದಿನ ವರ್ಷದ ನಿಮ್ಮ ಸ್ವಂತ ಬೆಳೆ ಸಾಲಕ್ಕೂ ಕಲ್ಲು ಬೀಳ್ತದೆ.

ಇಷ್ಟಾದ್ರೂ ಹಾಕಲೇಬೇಕಾದ ಸಂದರ್ಭ ಬರ್ತದೆ, ಒಡಹುಟ್ಟಿದವರು ಆಸ್ಪತ್ರೆಲಿ ಇದ್ರೆ ಕಲಂ ನೋಡ್ತಾ ಕೂರೋಕಾಗ್ತದಾ. ಆಗ ಒಂದೇ ಪರೀಕ್ಷೆ: ಈ ಮೊತ್ತ ಇವತ್ತೇ ನಾನೇ ಕಟ್ಟೋದು ಅಂದ್ರೆ ಕಟ್ಟಬಲ್ಲೆನಾ? ಹೌದಾದ್ರೆ ಹಾಕಿ. ಇಂತಿಷ್ಟು ಲಕ್ಷಕ್ಕೆ ಮಾತ್ರ ಅಂತ ಮಿತಿ ಹಾಕಿಸೋಕೆ ಕೇಳಿ, ಒಪ್ಪಿದ್ರೆ ಒಪ್ತಾರೆ. ಕಾಗದದ ಒಂದು ಪ್ರತಿ ಹಠ ಮಾಡಿ ತಗೊಳ್ಳಿ.

ಈಗಾಗಲೇ ಹಾಕಿ ಆಗಿದೆ ಅನ್ನೋರು ಮೊದಲು ಸೊಸೈಟಿಗೆ ಅರ್ಜಿ ಕೊಟ್ಟು ಆ ಸಾಲದ ಬಾಕಿ ಎಷ್ಟು ಅಂತ ಬರವಣಿಗೆಯಲ್ಲಿ ಕೇಳಿ, ಪ್ರತಿ ವರ್ಷ ಕೇಳಿ. ಭಾವನ ಹತ್ರ ಕೇಳ್ಬೇಡಿ, ಅವನು ಎಲ್ಲ ಸರಿ ಇದೆ ಅಂತಲೇ ಹೇಳೋದು. ಬ್ಯಾಂಕಿನ ಸಾಲ ಆದ್ರೆ ನಿಮ್ಮ ಸಾಲದ ಚರಿತ್ರೆ ಹೇಳೋ ಸಿಬಿಲ್ ವರದಿಯಲ್ಲೂ ಕಾಣ್ತದೆ, ವರ್ಷಕ್ಕೊಂದು ಪೂರ್ತಿ ವರದಿ ಪುಕ್ಕಟೆ ಸಿಗ್ತದೆ, ಮಗಳ ಶಿಕ್ಷಣ ಸಾಲಕ್ಕೆ ಹೋದಾಗ ಮ್ಯಾನೇಜರ್ ಬಾಯಿಂದ ಕೇಳೋದಕ್ಕಿಂತ ಮೊದಲೇ ನೋಡ್ಕೊಳ್ಳಿ. ಓಡಿ, ಕ್ಯಾಶ್ ಕ್ರೆಡಿಟ್ ಥರ ತೆಗೀತಾ ಕಟ್ತಾ ಇರೋ ಖಾತೆ ಆಗಿದ್ರೆ ಮುಂದಿನ ವ್ಯವಹಾರಕ್ಕೆ ನನ್ನ ಜಾಮೀನು ಇಲ್ಲ ಅಂತ ನೋಟಿಸ್ ಕೊಡೋ ಅವಕಾಶ ಕರಾರು ಕಾಯ್ದೆಯ 130ನೇ ಕಲಂನಲ್ಲಿ ಇದೆ, ಕರಾರಿನಲ್ಲಿ ಅದನ್ನ ಬಿಟ್ಟುಕೊಟ್ಟಿದ್ದೀರಾ ಅಂತ ಮೊದಲು ನೋಡಿಸಿ. ಹಿಂದಿನ ಬಾಕಿ ಮಾತ್ರ ನಿಮ್ಮ ತಲೆ ಮೇಲೆ ಹಾಗೇ ಇರ್ತದೆ.

ಕಟ್ಟಲೇಬೇಕಾಗಿ ಬಂದ್ರೆ ದುಡ್ಡನ್ನ ಭಾವನ ಕೈಗೆ ಕೊಟ್ಟು "ನೀ ಹೋಗಿ ಕಟ್ಟು" ಅನ್ನಬೇಡಿ, ಮರ್ಯಾದೆ ಹೋಗ್ತದೆ ಅಂತ ಸುಮಾರು ಜನ ಹಾಗೆ ಮಾಡ್ತಾರೆ. ನಿಮ್ಮ ಖಾತೆಯಿಂದ ಚೆಕ್ಕಲ್ಲಿ ಕಟ್ಟಿ, ಜಾಮೀನುದಾರ ಕಟ್ಟಿದ್ದು ಅಂತಲೇ ರಶೀದಿ ಮಾಡಿಸಿ. ಕಟ್ಟಿದ ಮೇಲೆ ಸಾಲ ಕೊಟ್ಟವರಿಗೆ ಭಾವನ ಮೇಲಿದ್ದ ಹಕ್ಕು ನಿಮಗೆ ಬರ್ತದೆ, ಅಡವಿಟ್ಟ ಗಾಡಿಯ ಮೇಲೆ ಕೂಡ. ವಸೂಲಿಗೆ ದಾವೆ ಹಾಕೋಕೆ ಇರೋ ಅವಧಿ ನೀವು ಕಟ್ಟಿದ ದಿನದಿಂದ ಮೂರು ವರ್ಷ. ಈ ವರ್ಷ ಅವನ ಮಗಳ ಮದುವೆ, ಮುಂದಿನ ವರ್ಷ ಜಾತ್ರೆ, ಆಮೇಲೆ ಕೇಳ್ತೇನೆ ಅಂತ ಕಾದವರಿಗೆ ಹಕ್ಕು ಕಾಗದದಲ್ಲಿ ಮಾತ್ರ ಉಳಿದದ್ದನ್ನ ನೋಡಿದ್ದೇನೆ. ದಾವೆ ಹಾಕದೇ ಇದ್ರೂ ಪರವಾಗಿಲ್ಲ, ಆ ಮೂರು ವರ್ಷದ ಒಳಗೆ ಬಾಕಿ ಇದೆ ಅಂತ ಅವನಿಂದ ದಿನಾಂಕ ಹಾಕಿ ಸಹಿ ಮಾಡಿದ ಒಪ್ಪಿಗೆ ಪತ್ರ ಬರೆಸಿ ಇಟ್ಕೊಂಡ್ರೆ ಅವಧಿ ಆ ದಿನದಿಂದ ಮತ್ತೆ ಹೊಸದಾಗಿ ಶುರುವಾಗ್ತದೆ. ಬರೆಸೋಕೆ ಹೋದಾಗ ಅವನು ತಕರಾರು ಮಾಡಿದ್ರೆ ಹೇಳಿ, ಬರೀ ಒಂದು ಸೈನ್ ಅಂತ.