ಪ್ರತಿಭಾ ಪುರಸ್ಕಾರದ ಪಟ್ಟಿಯಲ್ಲಿ ಖೊ-ಖೊ ಹುಡುಗಿಯರು ಯಾಕಿಲ್ಲ?

ಎಸ್ಸೆಸ್ಸಿ, ಅಂದರೆ ಹತ್ತನೇ ತರಗತಿಯ ಫಲಿತಾಂಶ ಬಂದದ್ದೇ ತಡ, ಮುಂಬಯಿಯ ಕನ್ನಡ ಸಂಘಗಳಿಂದ ವರ್ಷವೂ ಒಂದೇ ಧಾಟಿಯ ಪ್ರಕಟಣೆ ಹೊರಡುತ್ತದೆ. ಶೇಕಡಾ ಇಷ್ಟಕ್ಕಿಂತ ಹೆಚ್ಚು ಅಂಕ ಪಡೆದ ಸಮಾಜದ ಮಕ್ಕಳು ಅಂಕಪಟ್ಟಿಯ ಝೆರಾಕ್ಸ್ ಮತ್ತು ಎರಡು ಫೋಟೊದೊಂದಿಗೆ ಅರ್ಜಿ ಸಲ್ಲಿಸಬೇಕು. ಪ್ರತಿಭಾ ಪುರಸ್ಕಾರ ಸಮಾರಂಭ ಇಂಥ ಭಾನುವಾರ, ಇಂಥ ಸಭಾಗೃಹದಲ್ಲಿ. ನಾನು ಇಂಥ ಸಮಾರಂಭಗಳಿಗೆ ಎಷ್ಟೋ ವರ್ಷಗಳಿಂದ ಹೋಗುತ್ತಿದ್ದೇನೆ. ವೇದಿಕೆ ಹತ್ತುವ ಹುಡುಗಿಯರನ್ನು ಕಂಡು ಮನಸ್ಸು ತುಂಬುತ್ತದೆ. ಆದರೆ ಶಾಲೆಯ ತಂಡದಲ್ಲಿ ಮಂಡಿ ಕಿತ್ತುಕೊಂಡು ಜಿಲ್ಲಾ ಮಟ್ಟದವರೆಗೆ ಆಡಿ ಬಂದ ಹುಡುಗಿಯ ಹೆಸರನ್ನು ಕರೆದದ್ದು ನನ್ನ ನೆನಪಿನಲ್ಲಿ ಇಲ್ಲವೇ ಇಲ್ಲ.

ಇದು ನನ್ನದೇ ಹಳೆಯ ನೋವು ಕೂಡ. ನಾನು ಓದಿದ್ದು ಮುಂಬಯಿಯ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ. ಒಂಬತ್ತನೇ ಇಯತ್ತೆಯಲ್ಲಿದ್ದಾಗ ನಮ್ಮ ಖೊ-ಖೊ ತಂಡ ಸುತ್ತಲಿನ ಮರಾಠಿ ಶಾಲೆಗಳನ್ನೆಲ್ಲ ಸೋಲಿಸಿ ಕಪ್ ತಂದಿತು. ಆ ಕಪ್ ಮುಖ್ಯೋಪಾಧ್ಯಾಯರ ಕೋಣೆಯ ಕಪಾಟು ಸೇರಿತು. ವಾರ್ಷಿಕೋತ್ಸವದಲ್ಲಿ ತರಗತಿಗೆ ಮೊದಲು ಬಂದವರಿಗೆ, ಪೂರ್ತಿ ಹಾಜರಿ ಇದ್ದವರಿಗೆ, ಅಂದವಾದ ಅಕ್ಷರ ಬರೆದವರಿಗೆ ಬಹುಮಾನ ಸಿಕ್ಕಿತು. ನಾವು ಹನ್ನೆರಡು ಮಂದಿ ಹಿಂದಿನ ಸಾಲಿನಲ್ಲಿ ಕುಳಿತು ಚಪ್ಪಾಳೆ ತಟ್ಟಿದೆವು.

ಹೀಗಾದದ್ದು ಯಾರದೋ ಕೆಟ್ಟ ಮನಸ್ಸಿನಿಂದಲ್ಲ. ಅದರ ಬೇರು ಹುಡುಕಹೊರಟರೆ ರಾತ್ರಿಶಾಲೆಯ ಬಾಗಿಲಿಗೆ ಬಂದು ನಿಲ್ಲುತ್ತೇವೆ. ಕರಾವಳಿಯವರು ಮುಂಬಯಿಯಲ್ಲಿ ಕಟ್ಟಿಕೊಂಡ ಸಂಘಗಳಾದ ಮೊಗವೀರ ವ್ಯವಸ್ಥಾಪಕ ಮಂಡಳಿ 1902ರಲ್ಲಿ, ಬಂಟರ ಸಂಘ 1927ರಲ್ಲಿ, ಬಿಲ್ಲವರ ಅಸೋಸಿಯೇಶನ್ 1932ರಲ್ಲಿ ಹುಟ್ಟಿದಾಗ ಊರಿನಿಂದ ಮುಂಬಯಿಗೆ ಬರುತ್ತಿದ್ದವರಲ್ಲಿ ಹೆಚ್ಚಿನವರು ಹುಡುಗರು. ಹಗಲು ಹೋಟೆಲಿನಲ್ಲಿ ಕಪ್ಪು-ಬಸಿ ತೊಳೆದು, ಮೇಜು ಒರೆಸಿ, ರಾತ್ರಿ ನಿದ್ದೆಗಣ್ಣಿನಲ್ಲಿ ಪುಸ್ತಕ ಹಿಡಿದವರು. ಅಂಥ ಹುಡುಗ ಮೆಟ್ರಿಕ್ ದಾಟಿದನೆಂದರೆ ಅವನಿಗೆ ಗುಮಾಸ್ತನ ಕೆಲಸ ಸಿಗುತ್ತಿತ್ತು. ಮನೆಯವರೆಲ್ಲರ ಹಣೆಬರಹವೇ ಬದಲಾಗುತ್ತಿತ್ತು. ಸಂಘದ ಹಿರಿಯರು ಅವನ ಕೊರಳಿಗೆ ಹಾರ ಹಾಕಿದ್ದು ನೂರಕ್ಕೆ ನೂರು ನ್ಯಾಯ. ಪ್ರತಿಭೆ ಎಂಬ ಮಾತಿಗೆ ಅಂಕ ಎಂಬ ಅರ್ಥ ಅಂಟಿಕೊಂಡದ್ದು ಹೀಗೆ. ಹೆಣ್ಣುಮಕ್ಕಳು ದೊಡ್ಡ ಸಂಖ್ಯೆಯಲ್ಲಿ ಹೈಸ್ಕೂಲಿಗೆ ಬರುವ ಹೊತ್ತಿಗೆ ಆ ಅರ್ಥ ಗಟ್ಟಿಯಾಗಿತ್ತು. ಅಳತೆಗೋಲು ಹುಡುಗರ ಬದುಕಿನಿಂದ ಬಂದದ್ದು. ಅದನ್ನೇ ಹುಡುಗಿಯರಿಗೂ ಹಿಡಿದರು.

ಇತ್ತ ಮುಂಬಯಿಯ ಶಾಲಾ ಕ್ರೀಡೆಯ ಕಥೆಯೂ ಹುಡುಗರಿಂದಲೇ ಶುರುವಾಗುತ್ತದೆ. ಮುಂಬಯಿ ಶಾಲೆಗಳ ಕ್ರೀಡಾ ಸಂಸ್ಥೆ 1893ರಷ್ಟು ಹಳೆಯದು. ಹ್ಯಾರಿಸ್ ಶೀಲ್ಡ್, ಗೈಲ್ಸ್ ಶೀಲ್ಡ್ ಎರಡೂ ಹುಡುಗರ ಕ್ರಿಕೆಟ್ಟಿಗಾಗಿ ಹುಟ್ಟಿದವು. 1988ರ ಫೆಬ್ರವರಿಯಲ್ಲಿ ಆಜಾದ್ ಮೈದಾನದಲ್ಲಿ ಸಚಿನ್ ತೆಂಡೂಲ್ಕರ್, ವಿನೋದ್ ಕಾಂಬ್ಳಿ ಎಂಬ ಇಬ್ಬರು ಶಾಲಾ ಹುಡುಗರು ಮುರಿಯದ ಜೊತೆಯಾಟದಲ್ಲಿ 664 ರನ್ ಸೇರಿಸಿದ್ದು ದೇಶಕ್ಕೆಲ್ಲ ಗೊತ್ತು. ಹುಡುಗಿಯರಿಗೆ ಅಷ್ಟು ಹೆಸರಾದ ಶೀಲ್ಡ್ ಒಂದೂ ಇರಲಿಲ್ಲ. ಮಹಿಳಾ ಕ್ರಿಕೆಟ್ ಸಂಸ್ಥೆ ಹುಟ್ಟಿದ್ದು 1973ರಲ್ಲಿ. ಅದು ಬಿಸಿಸಿಐ ನೆರಳಿಗೆ ಬಂದದ್ದು 2006ರಲ್ಲಿ. ಬಾಂದ್ರಾದ ಜೆಮಿಮಾ ರಾಡ್ರಿಗಸ್ 2017ರಲ್ಲಿ 19 ವರ್ಷದೊಳಗಿನವರ ಪಂದ್ಯದಲ್ಲಿ ದ್ವಿಶತಕ ಹೊಡೆದಾಗ ಪತ್ರಿಕೆಗಳು ಕಣ್ಣರಳಿಸಿದವು. ಅಷ್ಟು ವರ್ಷ ಕಾಯಬೇಕಾಯಿತು.

ಹುಡುಗಿಯರ ಪಾಲಿಗೆ ಒದಗಿ ಬಂದದ್ದು ಖೊ-ಖೊ. ಈ ಆಟಕ್ಕೆ ನಿಯಮ ಕಟ್ಟಿಕೊಟ್ಟವರು ಪುಣೆಯ ಡೆಕ್ಕನ್ ಜಿಮ್ಖಾನಾದವರು, 1914ರ ಸುಮಾರಿಗೆ. ಬ್ಯಾಟು ಬೇಡ, ಪ್ಯಾಡು ಬೇಡ, ಶೂ ಕೂಡ ಬೇಡ. ಎರಡು ಕಂಬ, ಸುಣ್ಣದ ಗೆರೆ, ಒಂದಿಷ್ಟು ಮಣ್ಣಿನ ಅಂಗಳ ಸಾಕು. ಕಾಸಿಲ್ಲದ ಮುನ್ಸಿಪಾಲಿಟಿ ಶಾಲೆಗೂ ಕೈಗೆಟುಕುವ ಆಟ. ಹಾಗಿದ್ದೂ ಹುಡುಗಿಗೆ ಅದು ಪುಕ್ಕಟೆಯಾಗಿ ಸಿಗಲಿಲ್ಲ. ಚಾಳಿನ ಮನೆಗಳಲ್ಲಿ ನಳದ ನೀರು ಬರುವ ಹೊತ್ತೇ ನಮ್ಮ ಅಭ್ಯಾಸದ ಹೊತ್ತನ್ನು ನಿಶ್ಚಯಿಸುತ್ತಿತ್ತು. ಸಂಜೆ ನೀರು ಬರುವ ಮನೆಯ ಹುಡುಗಿ ಐದು ಗಂಟೆಗೆ ಓಡಲೇಬೇಕು, ಹಂಡೆ ತುಂಬಿಸಲೇಬೇಕು. ಅಣ್ಣ-ತಮ್ಮಂದಿರು ಆಗ ಗಲ್ಲಿಯಲ್ಲಿ ಕ್ರಿಕೆಟ್ ಆಡುತ್ತಿರುತ್ತಿದ್ದರು. ದೊಡ್ಡವಳಾದ ಮೇಲೆ ಚಡ್ಡಿ ಹಾಕಿ ಮೈದಾನಕ್ಕೆ ಇಳಿಯುವುದು ಬೇಡ ಎಂದು ಎಷ್ಟೋ ಅಮ್ಮಂದಿರು ಹಟ ಹಿಡಿದರು. ಲಂಗದ ಒಳಗೆ ಚಡ್ಡಿ ಹಾಕಿಕೊಂಡು ಓಡಿದವರಿದ್ದಾರೆ. ನಮ್ಮ ಪಿ.ಟಿ. ಸರ್ ಒಬ್ಬೊಬ್ಬಳ ಮನೆಗೂ ಹೋಗಿ, ಚಹಾ ಕುಡಿದು, ಅಪ್ಪನ ಹತ್ತಿರ ಒಪ್ಪಿಗೆ ಪಡೆದು ಬರುತ್ತಿದ್ದರು. ಆ ಮನೆ ತಿರುಗಾಟ ಇಲ್ಲದಿದ್ದರೆ ತಂಡವೇ ಇರುತ್ತಿರಲಿಲ್ಲ.

ಖೊ-ಖೊ ಆಡದವರಿಗೆ ಒಂದು ಮಾತು ಹೇಳಬೇಕು. ಅಟ್ಟುವ ಸರದಿಯಲ್ಲಿ ಎಂಟು ಮಂದಿ ಗೆರೆಯ ಮೇಲೆ ಒಬ್ಬರು ಅತ್ತ, ಒಬ್ಬರು ಇತ್ತ ಮುಖಮಾಡಿ ಕುಕ್ಕುರುಗಾಲಲ್ಲಿ ಕೂತಿರುತ್ತಾರೆ. ಒಂಬತ್ತನೆಯವಳು ಅಟ್ಟುತ್ತಾಳೆ. ಅವಳು ಹಿಂದಕ್ಕೆ ತಿರುಗುವಂತಿಲ್ಲ, ನಡುಗೆರೆ ದಾಟುವಂತಿಲ್ಲ; ಬೆನ್ನು ತಟ್ಟಿ 'ಖೊ' ಕೊಟ್ಟು ಕೂತವಳನ್ನು ಎಬ್ಬಿಸಬೇಕು. ಕೊನೆಗೆ ಎದುರಾಳಿಯನ್ನು ಮುಟ್ಟಿದವಳ ಹೆಸರು ಅಂಕದ ಹಾಳೆಗೆ ಏರುತ್ತದೆ. ಆದರೆ ಸರಿಯಾದ ಕ್ಷಣದಲ್ಲಿ ಎದ್ದ ಮೂವರು, ಕಂಬದ ಬಳಿ ದಾರಿ ಕಟ್ಟಿದ ಒಬ್ಬಳು ಇಲ್ಲದಿದ್ದರೆ ಅವಳು ಮುಟ್ಟುವುದೆಲ್ಲಿ? ತಂಡದ ಆಟಕ್ಕೆ ಒಬ್ಬಳನ್ನು ಆರಿಸಿ ಪ್ರಶಸ್ತಿ ಕೊಡುವುದೇ ಕಷ್ಟ. ಖೊ-ಖೊ ಒಕ್ಕೂಟ ಇದಕ್ಕೊಂದು ದಾರಿ ಕಂಡುಕೊಂಡಿದೆ: ರಾಷ್ಟ್ರೀಯ ಪಂದ್ಯಾವಳಿಗಳಲ್ಲಿ ಹೆಂಗಸರಿಗೆ ಝಾನ್ಸಿ ರಾಣಿ ಲಕ್ಷ್ಮೀಬಾಯಿ, ಬಾಲಕಿಯರಿಗೆ ಜಾನಕಿ, ಇನ್ನೂ ಚಿಕ್ಕವರಿಗೆ ಇಳಾ ಹೆಸರಿನ ಪ್ರಶಸ್ತಿ. ಈ ಹೆಸರುಗಳು ನನಗೆ ಬಹಳ ಇಷ್ಟ. ಅರ್ಜುನ ಪ್ರಶಸ್ತಿಯೂ 1971ರಲ್ಲೇ ಖೊ-ಖೊ ಆಟಗಾರ್ತಿ ಅಚಲಾ ದೇವರೆ ಅವರಿಗೆ ಬಂದಿತ್ತು. ಅಂದರೆ ಮೇಲಿನ ಹಂತದಲ್ಲಿ ಮನ್ನಣೆ ಇತ್ತು. ಶಾಲೆಯ ಅಂಗಳ ಮತ್ತು ಸಂಘದ ಸಭಾಗೃಹ, ಇವೆರಡರಲ್ಲೇ ಅದು ಇಲ್ಲದ್ದು.

ಅಂಕಪಟ್ಟಿಯ ಅನುಕೂಲವನ್ನೂ ಅಲ್ಲಗಳೆಯುವಂತಿಲ್ಲ. ಅದು ಒಂದೇ ಕಾಗದ, ಬೋರ್ಡಿನ ಮೊಹರು ಇರುತ್ತದೆ, ಯಾರೂ ತಕರಾರು ಮಾಡುವುದಿಲ್ಲ. ಆಟದ ಪ್ರಮಾಣಪತ್ರಗಳು ಹಾಗಲ್ಲ. ಯಾವ ಪಂದ್ಯ, ಯಾರು ನಡೆಸಿದ್ದು, ಎಷ್ಟು ತಂಡ ಇದ್ದವು ಎಂದು ಸಮಿತಿಯವರು ಗೊಂದಲಕ್ಕೆ ಬೀಳುತ್ತಾರೆ. ಮಹಾರಾಷ್ಟ್ರ ಸರ್ಕಾರ ಕೂಡ ಕ್ರೀಡಾಪಟುಗಳಿಗೆ ಹತ್ತನೇ, ಹನ್ನೆರಡನೇ ಪರೀಕ್ಷೆಯಲ್ಲಿ ಹೆಚ್ಚುವರಿ ಅಂಕ ಕೊಡುತ್ತದೆ. ನೌಕರಿಯಲ್ಲಿ ಶೇಕಡಾ 5 ಕ್ರೀಡಾ ಮೀಸಲಾತಿಯೂ ಇದೆ, ಅದರಿಂದ ಬದುಕು ಕಟ್ಟಿಕೊಂಡವರಿದ್ದಾರೆ. ಒಳ್ಳೆಯದೇ. ಆದರೆ ಗ್ರೇಸ್ ಮಾರ್ಕ್ಸ್ ಎಂದಾಗ ಆಟ ಮತ್ತೆ ಅಂಕವಾಗಿಯೇ ಬಾಗಿಲು ದಾಟಬೇಕಾಗುತ್ತದೆ.

ನಡುವೆ ಇನ್ನೊಂದು ಸಂಗತಿ ನಡೆದುಹೋಯಿತು. ಕನ್ನಡ ಮಾಧ್ಯಮದ ಶಾಲೆಗಳಲ್ಲಿ ಮಕ್ಕಳು ಕಡಿಮೆಯಾಗುತ್ತ ಬಂದರು. ಎಂಟು, ಒಂಬತ್ತು ಸೇರಿಸಿದರೂ ಹನ್ನೆರಡು ಹುಡುಗಿಯರು ಸಿಗದ ಶಾಲೆಯಲ್ಲಿ ಖೊ-ಖೊ ತಂಡ ಹೇಗೆ ನಿಂತೀತು? ತರಗತಿ ಮುಚ್ಚುವ ಮೊದಲೇ ತಂಡ ಮುಚ್ಚಿತು. ಮಕ್ಕಳು ಇಂಗ್ಲಿಷ್ ಶಾಲೆಗಳಿಗೆ ಚದುರಿದರು. ಕಾಂದಿವಲಿಯ ಹುಡುಗಿ ಬಾಸ್ಕೆಟ್‌ಬಾಲ್, ಮುಲುಂಡಿನವಳು ಫುಟ್‌ಬಾಲ್ ಆಡುತ್ತಿರಬಹುದು. ಸಂಘಕ್ಕೆ ಅವಳ ಪರಿಚಯ ಅಂಕಪಟ್ಟಿಯ ಮೂಲಕ ಮಾತ್ರ.

ಸಂಘಗಳಿಗೆ ಆಟ ಬೇಡವಾಗಿದೆ ಎಂದಲ್ಲ. ವರ್ಷಕ್ಕೊಮ್ಮೆ ನಡೆಯುವ ಕ್ರೀಡಾಕೂಟದಲ್ಲಿ ಥ್ರೋಬಾಲ್ ಎಷ್ಟು ಜೋರು! ತುಳುನಾಡಿನ ಶಾಲೆಗಳಲ್ಲಿ ಕಲಿತು ಮದುವೆಯಾಗಿ ಮುಂಬಯಿಗೆ ಬಂದ ಹೆಂಗಸರು ಚೂಡಿದಾರದ ಶಾಲನ್ನು ಸೊಂಟಕ್ಕೆ ಬಿಗಿದು ಆಡುವುದನ್ನು ನೋಡಬೇಕು. ಇಪ್ಪತ್ತು ವರ್ಷ ಚೆಂಡು ಮುಟ್ಟದ ಕೈಗೆ ಹಳೆಯ ಲಯ ಒಂದೇ ಸರ್ವಿಸಿನಲ್ಲಿ ಮರಳುತ್ತದೆ. ಅವರಿಗೆ ಟ್ರೋಫಿಯೂ ಸಿಗುತ್ತದೆ. ಆದರೆ ಕ್ರೀಡಾಕೂಟದ ಸಮಿತಿ ಬೇರೆ, ಪ್ರತಿಭಾ ಪುರಸ್ಕಾರದ ಸಮಿತಿ ಬೇರೆ. ಒಂದರ ಪಟ್ಟಿ ಇನ್ನೊಂದಕ್ಕೆ ಹೋಗುವುದಿಲ್ಲ.

2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೊ-ಖೊ ವಿಶ್ವಕಪ್ ನಡೆಯಿತು. ಮಹಿಳೆಯರ ಫೈನಲ್‌ನಲ್ಲಿ ಭಾರತ ನೇಪಾಳವನ್ನು 78-40ರಿಂದ ಸೋಲಿಸಿತು. ನಾಯಕಿ ಪುಣೆಯ ಪ್ರಿಯಾಂಕಾ ಇಂಗಳೆ. ತಂಡದಲ್ಲಿ ಮೈಸೂರು ಜಿಲ್ಲೆ ತಿ. ನರಸೀಪುರ ತಾಲೂಕಿನ ಕುರುಬೂರಿನ ಬಿ. ಚೈತ್ರಾ ಇದ್ದರು. ಆಮೇಲೆ ಕರ್ನಾಟಕ ಸರ್ಕಾರ 5 ಲಕ್ಷ ರೂಪಾಯಿ ಘೋಷಿಸಿದಾಗ ಚೈತ್ರಾ ಮತ್ತು ಪುರುಷರ ತಂಡದ ಎಂ.ಕೆ. ಗೌತಮ್ ಅದನ್ನು ನಿರಾಕರಿಸಿದರು. ಮಹಾರಾಷ್ಟ್ರ ತನ್ನವರಿಗೆ ಕೊಡುವ 2.25 ಕೋಟಿಯನ್ನು ಎತ್ತಿ ತೋರಿಸಿದರು. ಮುಂಬಯಿಯಲ್ಲಿ ಕೂತು ಆ ಸುದ್ದಿ ಓದಿದ ನಮಗೆ ಎರಡೂ ಕಡೆಯ ಲೆಕ್ಕ ಗೊತ್ತಾಗುತ್ತದೆ. ಅವರ ನಿರಾಕರಣೆ ನನಗೆ ದುರಾಸೆಯಾಗಿ ಕಾಣಲಿಲ್ಲ. ಪ್ರಶಸ್ತಿಯ ಮೊತ್ತವೂ ಒಂದು ಮಾತು. ಆಟಕ್ಕೆ ನೀವು ಎಷ್ಟು ಬೆಲೆ ಕಟ್ಟಿದ್ದೀರಿ ಎಂಬುದನ್ನು ಅದು ಹೇಳುತ್ತದೆ.

ಸಂಘಗಳ ಸಮಿತಿಯವರು ಕೋಟಿ ಕೊಡಬೇಕಾಗಿಲ್ಲ. ಒಂದು ಸ್ಟೀಲಿನ ಫಲಕ, ಒಂದು ಶಾಲು, ಓಡುವುದಕ್ಕೆ ಒಂದು ಜೊತೆ ಒಳ್ಳೆಯ ಬೂಟು ಸಾಕು. ಅಳತೆಗೋಲಿನ ಗೊಂದಲಕ್ಕೂ ಉತ್ತರವಿದೆ: ಜಿಲ್ಲಾ ಕ್ರೀಡಾಧಿಕಾರಿಗಳ ಕಚೇರಿ ನಡೆಸುವ ಶಾಲಾ ಪಂದ್ಯಾವಳಿಗಳು 14, 17, 19 ವರ್ಷದೊಳಗಿನವರಿಗೆ ಬೇರೆಬೇರೆಯಾಗಿ ನಡೆಯುತ್ತವೆ. ಅಲ್ಲಿಂದ ವಿಭಾಗ, ರಾಜ್ಯ ಎಂದು ಮೆಟ್ಟಿಲುಗಳಿವೆ, ಪ್ರತಿ ಮೆಟ್ಟಿಲಿಗೂ ಪ್ರಮಾಣಪತ್ರವಿದೆ. ತಂಡ ನೋಂದಾಯಿಸುವಾಗ ಆಡುವ ಹುಡುಗಿಯರೆಲ್ಲರ ಹೆಸರು, ಹುಟ್ಟಿದ ತಾರೀಖು ಬರೆದು ಮುಖ್ಯೋಪಾಧ್ಯಾಯರು ಸಹಿ ಹಾಕಿ ಕೊಟ್ಟಿರುತ್ತಾರೆ. ಆ ಹಾಳೆಯ ಝೆರಾಕ್ಸನ್ನೂ ಅರ್ಜಿಯ ಜೊತೆಗೆ ತರಲು ಹೇಳಿ. ಮುಟ್ಟಿದವಳ ಹೆಸರಿನ ಜೊತೆಗೆ, ಸರಿಯಾದ ಕ್ಷಣದಲ್ಲಿ ಎದ್ದವಳ ಹೆಸರೂ ಅದರಲ್ಲಿರುತ್ತದೆ.