ಮೈಟೊಕಾಂಡ್ರಿಯದ ದೂರು ಹೊರಗೆ ಮುಟ್ಟುವುದು ಹೇಗೆ?

ವೈರಸ್ ನುಗ್ಗಲಿ, ಅಮೈನೋ ಆಮ್ಲ ಸಾಲದಾಗಲಿ, ಸರಿಯಾಗಿ ಮಡಚಿಕೊಳ್ಳದ ಪ್ರೋಟೀನು ರಾಶಿ ಬೀಳಲಿ, ನಮ್ಮ ಜೀವಕೋಶ ಮೊದಲು ಮಾಡುವುದು ಪ್ರೋಟೀನ್ ತಯಾರಿಕೆಗೆ ಕಡಿವಾಣ ಹಾಕುವ ಕೆಲಸ. ಪಿಕೆಆರ್, ಜಿಸಿಎನ್2, ಪರ್ಕ್, ಎಚ್‌ಆರ್‌ಐ ಎಂಬ ನಾಲ್ಕು ಕಿಣ್ವಗಳಲ್ಲಿ, ಅಂದರೆ ಕೈನೇಸ್‌ಗಳಲ್ಲಿ ಒಂದು ಎಚ್ಚೆತ್ತು, ಪ್ರೋಟೀನ್ ತಯಾರಿಕೆ ಶುರುಮಾಡಿಸುವ ಇಐಎಫ್2-ಆಲ್ಫಾಕ್ಕೆ ಫಾಸ್ಫೇಟ್ ಅಂಟಿಸುತ್ತದೆ. ಒಟ್ಟು ತಯಾರಿಕೆ ಇಳಿಯುತ್ತದೆ. ಎಟಿಎಫ್4 ಎಂಬ ಪ್ರೋಟೀನು ಮಾತ್ರ ಏರಿ, ಒತ್ತಡ ನಿಭಾಯಿಸುವ ಜೀನ್‌ಗಳನ್ನು ಚಾಲೂ ಮಾಡುತ್ತದೆ.

ಮೈಟೊಕಾಂಡ್ರಿಯ ಕೆಟ್ಟಾಗಲೂ ಎಟಿಎಫ್4 ಏರುತ್ತದೆ. ಆದರೆ ಎರಡು ಪೊರೆಗಳ ಒಳಗಿನ ತೊಂದರೆ ಹೊರಗಿನ ಕೈನೇಸ್‌ಗೆ ತಿಳಿಯುವುದು ಹೇಗೆ ಎಂಬುದು ಬಹುಕಾಲ ಬಗೆಹರಿದಿರಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮಾರ್ಟಿನ್ ಕಾಂಪ್‌ಮನ್ ಅವರ ತಂಡ ಇದಕ್ಕೆ, ಬೇಕಾದ ಜೀನಿಗೆ ಗುರಿಯಿಡುವ ಕ್ರಿಸ್ಪರ್ ತಂತ್ರ ಬಳಸಿತು. ಎಟಿಎಫ್4 ಏರಿದರೆ ಹೊಳೆಯುವ ಕೋಶಗಳನ್ನು ಸಿದ್ಧಮಾಡಿ, ಒಂದೊಂದು ಕೋಶದಲ್ಲಿ ಒಂದೊಂದು ಜೀನಿನ ಕೆಲಸ ತಗ್ಗಿಸಿ, ಒಲಿಗೊಮೈಸಿನ್ ಹಾಕಿ ಮೈಟೊಕಾಂಡ್ರಿಯದ ಎಟಿಪಿ ಉತ್ಪಾದನೆ ತಡೆದರು. ಎಲ್ಲವೂ ಹೊಳೆಯಬೇಕಾದ ಹೊತ್ತಿನಲ್ಲಿ ಮಂಕಾಗಿಯೇ ಉಳಿದವನ್ನು ಯಂತ್ರ ಬೇರ್ಪಡಿಸಿತು. ಅವುಗಳಲ್ಲಿ ಯಾವ ಜೀನಿನ ಕೆಲಸ ತಗ್ಗಿದೆಯೋ ಅದೇ ಸುದ್ದಿಯ ದಾರಿಯಲ್ಲಿರುವುದು.

ಸಿಕ್ಕ ದಾರಿ ಹೀಗಿದೆ: ಮೈಟೊಕಾಂಡ್ರಿಯದ ಒಳಪೊರೆಯಲ್ಲಿರುವ ಒಎಂಎ1 ಎಂಬ ಕಿಣ್ವ ಡೆಲೆ1 ಎಂಬ ಪ್ರೋಟೀನನ್ನು ತುಂಡರಿಸುತ್ತದೆ, ಆ ತುಂಡು ಹೊರಬಂದು ಎಚ್‌ಆರ್‌ಐಯನ್ನು ಎಬ್ಬಿಸುತ್ತದೆ. ಕೆಂಪು ರಕ್ತಕಣಗಳಾಗುವ ಕೋಶಗಳಲ್ಲಿ ಹೀಮ್ (ಹಿಮೋಗ್ಲೋಬಿನ್ನಿನ ಕಬ್ಬಿಣವಿರುವ ಭಾಗ) ಕೊರತೆಯಾಗದಂತೆ ಕಾಯುವುದೇ ಎಚ್‌ಆರ್‌ಐ ಕೆಲಸ ಎಂದು ಓದಿಕೊಂಡು ಬಂದವರು ನಾವು! ಮ್ಯೂನಿಕ್‌ನ ಇನ್ನೊಂದು ತಂಡ, ಕ್ರೋಮೋಸೋಮ್‌ಗಳ ಒಂದೇ ಸೆಟ್ ಇರುವ ಕೋಶಗಳಲ್ಲಿ ಬೇರೆ ವಿಧಾನದಿಂದ ಹುಡುಕಿ ಇದೇ ಉತ್ತರಕ್ಕೆ ಬಂತು. ಎರಡೂ ಪ್ರಕಟವಾದದ್ದು 2020ರಲ್ಲಿ. ನನಗೆ ಈ ಫಲಿತಾಂಶದಲ್ಲಿ ನಂಬಿಕೆ ಹುಟ್ಟಿಸಿದ್ದು ಈ ಹೊಂದಾಣಿಕೆಯೇ.

ಜೀನನ್ನು ನೇರ ಕತ್ತರಿಸಬಹುದಿತ್ತಲ್ಲ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಕ್ರಿಸ್ಪರ್‌ನ ಕತ್ತರಿಯಾದ ಕ್ಯಾಸ್9 ಡಿಎನ್‌ಎ ಕತ್ತರಿಸುವುದೂ ಕೋಶಕ್ಕೆ ಒಂದು ಒತ್ತಡವೇ. ರೆಟಿನಾದ ವರ್ಣಕೋಶಗಳಲ್ಲೂ ಕಾಂಡಕೋಶಗಳಲ್ಲೂ ಆ ಕತ್ತರಿ, ಡಿಎನ್‌ಎಗೆ ಹಾನಿಯಾದರೆ ಕೋಶದ ಬೆಳವಣಿಗೆ ತಡೆಯುವ ಪಿ53 ಪ್ರೋಟೀನನ್ನು ಕೆರಳಿಸುತ್ತದೆಂದು 2018ರಲ್ಲೇ ತೋರಿಸಲಾಗಿತ್ತು. ಕಾಂಪ್‌ಮನ್ ತಂಡ ಬಳಸಿದ್ದು ಕತ್ತರಿಸುವ ಶಕ್ತಿ ಕಳೆದುಕೊಂಡ ಕ್ಯಾಸ್9. ಅದು ಜೀನಿನ ಬಾಯಿ ಕಟ್ಟುತ್ತದೆ, ಅಷ್ಟೆ. ಇನ್ನು ಪ್ರಯೋಗಾಲಯಗಳ ನೆಚ್ಚಿನ ಎಚ್‌ಇಕೆ293ಟಿ ಕೋಶಗಳಲ್ಲಿ ವೈರಸ್ಸಿನ ಪ್ರೋಟೀನೊಂದು ಪಿ53ಯನ್ನು ಮೊದಲೇ ಹಿಡಿದಿಟ್ಟಿರುತ್ತದೆ. ಅಲ್ಲಿ ಕತ್ತರಿಸಿದರೂ ಆ ಗಲಾಟೆ ಕಾಣದು. ಹಾಗಾಗಿ ಕತ್ತರಿಸುವ ಕ್ಯಾಸ್9 ಬಳಸಿದ ಪ್ರಬಂಧ ಕೈಗೆ ಬಂದರೆ ನಾನು ಮೊದಲು ನೋಡುವುದು ಕೋಶ ಯಾವುದು, ಹೋಲಿಕೆಗಿಟ್ಟ ಗೈಡ್ (ಕ್ಯಾಸ್9ಗೆ ಜಾಗ ತೋರಿಸುವ ಆರ್‌ಎನ್‌ಎ) ಎಲ್ಲಾದರೂ ನಿರುಪದ್ರವಿ ಜಾಗದಲ್ಲಿ ಡಿಎನ್‌ಎ ಕತ್ತರಿಸಿದೆಯೋ, ಏನೂ ಮಾಡದೆ ಸುಮ್ಮನಿತ್ತೋ ಎಂಬುದನ್ನು. ಸುಮ್ಮನಿದ್ದರೆ ಕತ್ತರಿಸಿದ್ದರ ಒತ್ತಡ ಹೋಲಿಕೆಯ ಕೋಶದಲ್ಲಿ ಇರುವುದಿಲ್ಲ, ಆ ಹೋಲಿಕೆ ಸಾಲದು.