ಕೋಲೆ ಬಸವನ ಸಾಕ್ಷಿ

ಪೈಥಾನ್ ಕೋಡ್‌ನ ಟೆಸ್ಟ್ ವಿಚಾರಕ್ಕೆ ಯಾವ ತಂಡದ ಜೊತೆ ಕೂತರೂ ಮೊದಲ ಪ್ರಶ್ನೆ ಇದೇ: ‘ಯುನಿಟ್‌ಟೆಸ್ಟ್.ಮಾಕ್ ಒಳ್ಳೆಯದಾ, ಪೈಟೆಸ್ಟ್-ಮಾಕ್ ಒಳ್ಳೆಯದಾ?’ ಎರಡೂ ಟೆಸ್ಟ್‌ನಲ್ಲಿ ಅಸಲಿ ಫಂಕ್ಷನ್ ಬದಲು ಮಾಕ್, ಅಂದರೆ ನಕಲಿ, ನಿಲ್ಲಿಸುವ ಸಲಕರಣೆಗಳು. ಅರ್ಧ ಗಂಟೆ ಅದಕ್ಕೇ ಹೋಗುತ್ತದೆ. ಸ್ವಾಮಿ, ಒಳಗಿರುವ ಸರಕು ಒಂದೇ. 2012ರಲ್ಲಿ ಪೈಥಾನ್ 3.3ರ ಜೊತೆ ಬಂದ ಯುನಿಟ್‌ಟೆಸ್ಟ್.ಮಾಕ್‌ಗೆ ಪೈಟೆಸ್ಟ್-ಮಾಕ್ ಒಂದು ತೆಳು ಹೊದಿಕೆ ಅಷ್ಟೇ. ಟೆಸ್ಟ್ ಮುಗಿದ ಮೇಲೆ ಪ್ಯಾಚ್ (ಅಸಲಿಯ ಜಾಗಕ್ಕೆ ನಕಲಿ ಹಾಕಿದ್ದು) ತಾನೇ ಕಳಚಿಕೊಳ್ಳುತ್ತದೆ, ಅದೊಂದು ಸುಖ. ಟೆಸ್ಟ್ ಓಡಿಸಲು ಪೈಟೆಸ್ಟ್ ಬಳಸುವವರು ಸುಮ್ನೆ ಅದನ್ನೇ ಹಾಕಿಕೊಳ್ಳಿ.

ಮಾಕ್ ಅನ್ನು ಅಸಲಿಯ ಅಳತೆಗೆ ಕಟ್ಟಿಹಾಕುವ ಆಟೋಸ್ಪೆಕ್ ಎಂಬ ಆಯ್ಕೆ ಬಗ್ಗೆ ಮಾತ್ರ ಯಾರೂ ಕೇಳುವುದಿಲ್ಲ.

ಬರೀ ಮಾಕ್ ಅಂದರೆ ಕೋಲೆ ಬಸವ. ಏನು ಕೇಳಿದರೂ ತಲೆ ಆಡಿಸುತ್ತದೆ. ಇಲ್ಲದ ಮೆಥಡ್ ಕರೆದರೂ ಹೂಂ. ಎರಡು ಆರ್ಗ್ಯುಮೆಂಟ್ (ಕರೆಯುವಾಗ ಒಳಗೆ ಕೊಡುವ ಮೌಲ್ಯ) ಬೇಕಾದಲ್ಲಿ ಐದು ಕೊಟ್ಟರೂ ಹೂಂ.

ಒಂದು ತಂಡದವರು ಎಸ್ಸೆಮ್ಮೆಸ್ ಕಳಿಸುವ ಫಂಕ್ಷನ್‌ಗೆ ‘ಭಾಷೆ’ ಎಂಬ ಕಡ್ಡಾಯ ಆರ್ಗ್ಯುಮೆಂಟ್ ಸೇರಿಸಿದರು. ಅದನ್ನು ಕರೆಯುವ ಒಂದು ಕಡೆ ಬದಲಿಸಲು ಮರೆತರು. ಟೆಸ್ಟ್ ಎಲ್ಲವೂ ಹಸಿರು, ಅಂದರೆ ಪಾಸು. ಪ್ರೊಡಕ್ಷನ್‌ನಲ್ಲಿ, ಅಂದರೆ ಗ್ರಾಹಕರು ಬಳಸುವ ಕಡೆ, ಟೈಪ್‌ಎರರ್; ಅಲ್ಲಿಂದ ಒಂದು ಮೆಸೇಜೂ ಹೋಗಲಿಲ್ಲ. ಟೆಸ್ಟ್ ಬರೆದ ಹುಡುಗಿ ಪೆಚ್ಚಾಗಿ, ‘ಸಾರ್, ಕವರೇಜ್ ನೂರಕ್ಕೆ ನೂರು ಇತ್ತು’ ಅಂದಳು. ಇತ್ತು, ನಿಜ. ಕವರೇಜ್ ಅಂದರೆ ಟೆಸ್ಟ್ ವೇಳೆ ಓಡಿದ ಸಾಲುಗಳ ಲೆಕ್ಕ; ಆ ಸಾಲು ಓಡಿತ್ತು. ಆದರೆ ಎದುರಿಗೆ ನಿಂತಿದ್ದು ಬಸವ, ಅಸಲಿ ಫಂಕ್ಷನ್ ಅಲ್ಲ.

ಪ್ಯಾಚ್‌ಗೆ ‘ಆಟೋಸ್ಪೆಕ್=ಟ್ರೂ’ ಎಂದು ಸೇರಿಸಿ ನೋಡಿ. ಆಗ ಮಾಕ್ ಅಸಲಿ ಫಂಕ್ಷನ್‌ನ ಸಿಗ್ನೇಚರ್ (ಯಾವ್ಯಾವ ಆರ್ಗ್ಯುಮೆಂಟ್ ಬೇಕು ಎಂಬುದು) ಓದಿಕೊಳ್ಳುತ್ತದೆ. ಒಂದು ಆರ್ಗ್ಯುಮೆಂಟ್ ಕಡಿಮೆಯಾದರೆ ಟೈಪ್‌ಎರರ್ ಟೆಸ್ಟ್‌ನಲ್ಲೇ ಬರುತ್ತದೆ, ಗ್ರಾಹಕರ ಫೋನ್ ಬರುವ ಮೊದಲೇ. ಕ್ಲಾಸ್‌ನಲ್ಲಿಲ್ಲದ ಮೆಥಡ್ ಕರೆದರೆ ಆಟ್ರಿಬ್ಯೂಟ್‌ಎರರ್. ಮತ್ತೆ ಹೇಳುತ್ತೇನೆ, ಬೇಜಾರಾಗಬೇಡಿ: ಪೈಟೆಸ್ಟ್-ಮಾಕ್ ಹಾಕಿಕೊಂಡ ಮಾತ್ರಕ್ಕೆ ಇದು ಬರುವುದಿಲ್ಲ. ಅಲ್ಲೂ ನೀವೇ ಕೇಳಬೇಕು.

ಇದು ಸರ್ವರೋಗಕ್ಕೂ ಮದ್ದಲ್ಲ. ಆಬ್ಜೆಕ್ಟ್ ಹುಟ್ಟುವಾಗ ಓಡುವ ‘ಇನಿಟ್’ ಒಳಗೆ ಸೆಲ್ಫ್‌ಗೆ ಸೇರಿಸಿದ ಆಟ್ರಿಬ್ಯೂಟ್‌ಗಳು ಆಟೋಸ್ಪೆಕ್‌ಗೆ ಕಾಣುವುದಿಲ್ಲ, ಕೈಯಾರೆ ಇಡಬೇಕು. ಆಬ್ಜೆಕ್ಟ್ ಒಳಗನ್ನು ತಡಕುವಾಗ ಪ್ರಾಪರ್ಟಿಗಳ (ಓದಿದರೆ ಓಡುವ ಆಟ್ರಿಬ್ಯೂಟ್) ಕೋಡ್ ಓಡಿಬಿಡುವುದೂ ಉಂಟು. ತಾನಾಗಿಯೇ ಆನ್ ಆಗಿರದಿರುವುದು ಇದಕ್ಕೇ.

ಉಳಿದ ಆಯ್ಕೆ ಸುಲಭ. ಎನ್ವಿರಾನ್‌ಮೆಂಟ್ ವೇರಿಯಬಲ್ ಬದಲಿಸಲು ಪೈಟೆಸ್ಟ್‌ನ ಮಂಕಿಪ್ಯಾಚ್ ಸಾಕು. ರಿಕ್ವೆಸ್ಟ್ಸ್ ಲೈಬ್ರರಿಯ ವೆಬ್ ಕರೆಗಳಿಗೆ ರೆಸ್ಪಾನ್ಸಸ್, ಗಡಿಯಾರ ನಿಲ್ಲಿಸಲು ಫ್ರೀಜ್‌ಗನ್. ಇವಕ್ಕೆಲ್ಲ ಜಾಸ್ತಿ ಚರ್ಚೆ ಬೇಡ.

ಆ ಹುಡುಗಿ ಮರುದಿನ ಹಳೆಯ ಪ್ಯಾಚ್‌ಗಳಿಗೆಲ್ಲ ಆಟೋಸ್ಪೆಕ್ ಹಾಕಿದಳು. ಹನ್ನೊಂದು ಟೆಸ್ಟ್ ಕೆಂಪಾದವು. ಅದರಲ್ಲೊಂದು ನಾನೇ ‘ಹೀಗೆ ಬರೆಯಿರಿ’ ಎಂದು ಮಾದರಿಗೆ ಕೊಟ್ಟಿದ್ದು.